ಕೆಲಸಕ್ಕೂ ಕಾಲೇಜಿಗೂ ಒಂದೇ ಪಾಠ: ಕರಾವಳಿಯ ಐಟಿಐ ಬೋಧಕರಿಗೆ ಕೆಲವು ಬೋಧನಾ ಕ್ರಮಗಳು

ಐಟಿಐಯಲ್ಲಿ (ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ) ಎರಡು ವರ್ಷದ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಟ್ರೇಡ್, ಅಂದರೆ ವೃತ್ತಿ ಕೋರ್ಸ್, ಮುಗಿಸಿದ ವಿದ್ಯಾರ್ಥಿಯ ಮುಂದೆ ಹಲವು ದಾರಿಗಳಿವೆ. ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಾ ಅಪ್ರೆಂಟಿಸ್ ಆಗಿ ಕಲಿಯಬಹುದು. ಲ್ಯಾಟರಲ್ ಎಂಟ್ರಿಯ ಮೂಲಕ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಿ, ಅದನ್ನು ಮುಗಿಸಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೂ ಹೋಗಬಹುದು. ಊರಿನಲ್ಲೇ ಸ್ವಂತ ಅಂಗಡಿ ತೆರೆಯುವವರೂ, ಕೊಲ್ಲಿ ದೇಶಗಳಿಗೆ ಹೊರಡುವವರೂ ಇದೇ ತರಗತಿಯಲ್ಲಿ ಕುಳಿತಿರುತ್ತಾರೆ. ಹೀಗಿದ್ದರೂ ನಮ್ಮ ಅನೇಕ ತರಗತಿಗಳಲ್ಲಿ ‘ಕೈ ಕೆಲಸದವರು’ ಮತ್ತು ‘ಮುಂದೆ ಓದುವವರು’ ಎಂಬ ಅಲಿಖಿತ ವಿಂಗಡಣೆ ಮೊದಲ ತಿಂಗಳಲ್ಲೇ ನಡೆದುಹೋಗುತ್ತದೆ. ಈ ವಿಂಗಡಣೆ ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯವೆಂದೇ ನಾನು ನಂಬಿದ್ದೇನೆ. ಹದಿನಾರು ವರ್ಷದ ಹುಡುಗನೋ ಹುಡುಗಿಯೋ ಇಪ್ಪತ್ತೈದನೆಯ ವಯಸ್ಸಿನಲ್ಲಿ ಎಲ್ಲಿರುತ್ತಾರೆಂದು ನಾವು ಯಾರೂ ಹೇಳಲಾರೆವು. ಆದುದರಿಂದ ಪ್ರತಿಯೊಬ್ಬರನ್ನೂ ಎರಡಕ್ಕೂ ಸಿದ್ಧಗೊಳಿಸಬೇಕು. ಗಣಿತದ ಒಂದಿಷ್ಟು ಅಭ್ಯಾಸವನ್ನು ಬಿಟ್ಟರೆ ಅದಕ್ಕೆ ಪ್ರತ್ಯೇಕ ಪಿರಿಯಡ್ ಬೇಕಿಲ್ಲ. ವರ್ಕ್‌ಶಾಪಿನಲ್ಲಿ ಈಗಾಗಲೇ ಮಾಡಿಸುತ್ತಿರುವ ಜಾಬನ್ನೇ, ಅಂದರೆ ಅಭ್ಯಾಸದ ಕೆಲಸವನ್ನೇ, ಪೂರ್ತಿಯಾಗಿ ಕಲಿಸಿದರೆ ಸಾಕು.

ಒಂದು ಜಾಬನ್ನು ಕೊನೆಯವರೆಗೆ ಕಲಿಸುವ ಬಗೆ

ಪೂರ್ತಿಯಾಗಿ ಕಲಿಸುವುದೆಂದರೆ, ಪ್ರತಿ ಜಾಬಿನ ಜೊತೆ ಒಂದು ಅಳತೆ, ಒಂದು ಲೆಕ್ಕ, ಒಂದು ಪುಟದ ಬರಹ ಮತ್ತು ಬಾಯಿಮಾತಿನ ಒಂದು ವಿವರಣೆ ಇರಲೇಬೇಕೆಂದು ನಿಯಮ ಮಾಡಿಕೊಳ್ಳುವುದು. ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಚಾಲೂ ಮಾಡಿ ಬಳಿಕ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಕಂಟ್ರೋಲ್ ವೈರಿಂಗ್ ಮಾಡುತ್ತಾರೆ, ಟೈಮರ್ ಹೊಂದಿಸುತ್ತಾರೆ, ಮೋಟರ್ ತಿರುಗಿದ ಕೂಡಲೇ ಜಾಬ್ ಮುಗಿಯಿತೆಂದು ಅಂಕ ಪಡೆಯುತ್ತಾರೆ. ನಿಜವಾದ ಕಲಿಕೆ ಆ ಕ್ಷಣದಿಂದ ಆರಂಭವಾಗಬೇಕು.

ಮೊದಲು ಅದೇ ಮೋಟರನ್ನು ನೇರವಾಗಿ ಡೆಲ್ಟಾದಲ್ಲಿ ಚಾಲೂ ಮಾಡಿ, ಇನ್‌ರಷ್ ಕರೆಂಟನ್ನು (ಚಾಲೂ ಆಗುವ ಕ್ಷಣದಲ್ಲಿ ನುಗ್ಗುವ ಕರೆಂಟನ್ನು) ಹಿಡಿದಿಡುವ ಸೌಲಭ್ಯವಿರುವ ಕ್ಲಾಂಪ್ ಮೀಟರಿನಿಂದ ಆರಂಭದ ಕರೆಂಟನ್ನು ಅಳೆಯಿಸಿ. ಬಳಿಕ ಸ್ಟಾರ್‌ನಲ್ಲಿ ಚಾಲೂ ಮಾಡಿ ಮತ್ತೊಮ್ಮೆ ಅಳೆಯಿಸಿ. ಎರಡು ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆದು, ಎರಡನೆಯದು ಮೊದಲನೆಯದರ ಸುಮಾರು ಮೂರನೆಯ ಒಂದು ಭಾಗ ಏಕಾಯಿತೆಂದು ಕೇಳಬೇಕು, ಉತ್ತರವನ್ನು ಕೂಡಲೇ ಹೇಳಬಾರದು. 415 ವೋಲ್ಟಿನ ಲೈನಿನಲ್ಲಿ ಸ್ಟಾರ್ ಜೋಡಣೆಯ ಪ್ರತಿ ವೈಂಡಿಂಗಿಗೆ (ಮೋಟರಿನ ತಂತಿ ಸುರುಳಿಗೆ) ಸಿಗುವುದು 415ನ್ನು 3ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 240 ವೋಲ್ಟ್. ಆದ್ದರಿಂದ ವೈಂಡಿಂಗಿನ ಕರೆಂಟು ಒಮ್ಮೆ ಆ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಡೆಲ್ಟಾದಲ್ಲಿ ಲೈನಿನ ಕರೆಂಟು ವೈಂಡಿಂಗಿನ ಕರೆಂಟಿಗಿಂತ ಅದೇ ವರ್ಗಮೂಲದಷ್ಟು ಹೆಚ್ಚಿರುತ್ತದೆ, ಸ್ಟಾರ್‌ನಲ್ಲಿ ಎರಡೂ ಒಂದೇ ಆಗಿರುತ್ತವೆ. ಹೀಗಾಗಿ ಇನ್ನೊಮ್ಮೆ ಕಡಿಮೆಯಾಗುತ್ತದೆ. ಎರಡೂ ಸೇರಿ ಮೂರನೆಯ ಒಂದು ಭಾಗ. ಪೂರ್ಣ ಲೋಡಿನಲ್ಲಿ 14 ಆಂಪಿಯರ್ ಎಳೆಯುವ 10 ಎಚ್‌ಪಿ ಮೋಟರ್ ನೇರ ಚಾಲನೆಯಲ್ಲಿ ಅದರ ಆರು ಪಟ್ಟು, ಅಂದರೆ 84 ಆಂಪಿಯರ್ ಎಳೆಯುವುದಾದರೆ, ಸ್ಟಾರ್‌ನಲ್ಲಿ ಅದು 28ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಯೇ ಮಾಡಿ ಮೀಟರಿನ ಅಂಕಿಯ ಪಕ್ಕದಲ್ಲಿ ಬರೆಯಬೇಕು. ಎರಡೂ ಸರಿಯಾಗಿ ಕೂಡದಿದ್ದರೆ ಏಕೆಂದು ಯೋಚಿಸಬೇಕು.

ಇಲ್ಲಿಗೂ ನಿಲ್ಲಿಸಬಾರದು. ಕರೆಂಟಿನಂತೆ ಟಾರ್ಕ್ (ಮೋಟರಿನ ತಿರುಗಿಸುವ ಬಲ) ಕೂಡ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆಂದು ತಿಳಿಸಿ, ಮಲ್ಪೆ ಬಂದರಿನ ಐಸ್ ಪ್ಲಾಂಟುಗಳಲ್ಲಿ ಕಂಪ್ರೆಸರನ್ನು ಲೋಡ್ ತೆಗೆದೇ ಚಾಲೂ ಮಾಡುವುದು ಏಕೆಂದು ಕೇಳಿ. ಬಂದರಿನ ಸುತ್ತಮುತ್ತಲಿನಿಂದ ಬರುವ ವಿದ್ಯಾರ್ಥಿಗಳು ಈ ಯಂತ್ರಗಳನ್ನು ಕಣ್ಣಾರೆ ಕಂಡಿರುತ್ತಾರೆ. ಕಂಡದ್ದಕ್ಕೆ ಕಾರಣ ಸಿಕ್ಕಾಗ ಅವರ ಮುಖದಲ್ಲಿ ಮೂಡುವ ಆಸಕ್ತಿ ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ. ಸಂದರ್ಶನದಲ್ಲಿ ಕೇಳುವ ಪ್ರಶ್ನೆಗೂ, ಡಿಪ್ಲೊಮಾದ ಎಲೆಕ್ಟ್ರಿಕಲ್ ಮೆಷಿನ್ಸ್ ವಿಷಯಕ್ಕೂ ಬೇಕಾದ ತಿಳಿವಳಿಕೆ ಇದೇ ಒಂದು ಮಧ್ಯಾಹ್ನದಲ್ಲಿ ದೊರೆಯುತ್ತದೆ.

ಗಣಿತದ ಕೊರತೆ

ಲ್ಯಾಟರಲ್ ಎಂಟ್ರಿಯಲ್ಲಿ ಹೋದ ನಮ್ಮ ವಿದ್ಯಾರ್ಥಿಗಳು ಎಡವುವುದು ಬಹುಪಾಲು ಗಣಿತದಲ್ಲಿ. ಡಿಪ್ಲೊಮಾದ ಮೊದಲ ವರ್ಷದಲ್ಲಿ ಇತರರು ಮ್ಯಾಟ್ರಿಕ್ಸ್, ಸರಳರೇಖೆ, ತ್ರಿಕೋನಮಿತಿ ಮತ್ತು ಕಲನಶಾಸ್ತ್ರದ ಆರಂಭಿಕ ಪಾಠಗಳನ್ನು ಓದಿರುತ್ತಾರೆ. ಐಟಿಐಯಿಂದ ನೇರವಾಗಿ ಎರಡನೆಯ ವರ್ಷಕ್ಕೆ ಹೋದವರಿಗೆ ಆ ವರ್ಷವೇ ಇರುವುದಿಲ್ಲ. ಕದ್ರಿ ಗುಡ್ಡದ ಮೇಲಿನ ಕರ್ನಾಟಕ ಪಾಲಿಟೆಕ್ನಿಕ್ಕಿಗೋ ಮಣಿಪಾಲಕ್ಕೋ ಹೋಗಬೇಕೆಂಬ ಆಸೆ ಇರುವವರಿಗೆ ಈ ಸಂಗತಿಯನ್ನು ಮೊದಲ ವರ್ಷದಲ್ಲೇ ತಿಳಿಸಬೇಕು, ಕೊನೆಯ ತಿಂಗಳಿನಲ್ಲಲ್ಲ. ವರ್ಕ್‌ಶಾಪ್ ಕ್ಯಾಲ್ಕ್ಯುಲೇಷನ್ ಪಾಠವನ್ನು ಟ್ರೇಡಿನ ಜಾಬಿನೊಂದಿಗೆ ಜೋಡಿಸಿದರೆ ತ್ರಿಕೋನಮಿತಿ ತಾನಾಗಿ ಬರುತ್ತದೆ: ಫಿಟ್ಟರ್ ವಿದ್ಯಾರ್ಥಿ ಕೋನ ಅಳೆಯುವ ಸೈನ್ ಬಾರ್ ಬಳಸುವಾಗ ಸೈನ್ ಎಂದರೇನೆಂದು ಕೈಯಿಂದಲೇ ಅರಿಯುತ್ತಾನೆ, ಎಲೆಕ್ಟ್ರಿಷಿಯನ್ ಪವರ್ ಫ್ಯಾಕ್ಟರ್ ಅಳೆಯುವಾಗ ಕೊಸೈನನ್ನು ಕಾಣುತ್ತಾಳೆ. ಉಳಿದ ಭಾಗಕ್ಕೆ ಎರಡನೆಯ ವರ್ಷದಲ್ಲಿ ವಾರಕ್ಕೊಂದು ಗಂಟೆ, ಆಸಕ್ತರಿಗೆ ಮಾತ್ರವಲ್ಲದೆ ಎಲ್ಲರಿಗೂ ತೆರೆದ ಅಭ್ಯಾಸ ತರಗತಿ ಇರಲಿ. ಹತ್ತಿರದ ಪಾಲಿಟೆಕ್ನಿಕ್ಕಿನ ಗಣಿತ ಉಪನ್ಯಾಸಕರನ್ನು ವಿನಂತಿಸಿದರೆ ಅವರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ಥಿಯರಿ ಪರೀಕ್ಷೆ ಕಂಪ್ಯೂಟರಿನಲ್ಲಿ, ಬಹುಆಯ್ಕೆಯ ಪ್ರಶ್ನೆಗಳ ರೂಪದಲ್ಲಿ ನಡೆಯುವುದರಿಂದ ಪ್ರಶ್ನೋತ್ತರಗಳನ್ನು ಉರು ಹೊಡೆಯುವ ಅಭ್ಯಾಸ ಹೆಚ್ಚಾಗಿದೆ. ಇದಕ್ಕೆ ಪ್ರತಿಯಾಗಿ, ಒಂದು ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳೇ ತಂಡವಾಗಿ ಪ್ರಶ್ನೆ ರಚಿಸಲಿ ಮತ್ತು ತಾವು ಕೊಟ್ಟ ಮೂರು ತಪ್ಪು ಆಯ್ಕೆಗಳು ಏಕೆ ತಪ್ಪೆಂದು ವಿವರಿಸಲಿ.

ಬರೆಯುವುದು, ಮಾತನಾಡುವುದು

ನಮ್ಮ ತರಗತಿಯ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದಿರುತ್ತಾರೆ, ಕೆಲಸದ ಸ್ಥಳದ ಕಾಗದಪತ್ರಗಳು ಇಂಗ್ಲಿಷಿನಲ್ಲಿರುತ್ತವೆ. ಇಂಗ್ಲಿಷ್ ಬರಬೇಕೆಂಬ ಒತ್ತಡದಲ್ಲಿ ವರ್ಕ್‌ಶಾಪಿನಲ್ಲಿ ತುಳುವನ್ನು ತಡೆಯುವುದು ಸರಿಯಲ್ಲ. ವಿದ್ಯಾರ್ಥಿ ತಾನು ಮಾಡಿದ್ದನ್ನು ಮೊದಲು ತನಗೆ ಸಲೀಸಾದ ಭಾಷೆಯಲ್ಲಿ ಸಹಪಾಠಿಗೆ ವಿವರಿಸಲಿ, ನಂತರ ಕನ್ನಡದಲ್ಲಿ ಬರೆಯಲಿ, ಆಮೇಲೆ ಅದರ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತರಲಿ. ವಿಷಯ ಗೊತ್ತಿದ್ದರೆ ಭಾಷೆ ನಿಧಾನವಾಗಿಯಾದರೂ ಬರುತ್ತದೆ; ವಿಷಯವೇ ತಿಳಿಯದಿದ್ದಾಗ ಕಲಿತ ಇಂಗ್ಲಿಷ್ ವಾಕ್ಯ ಸಂದರ್ಶನದ ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ.

ಜಾಬಿನ ಪುಟದಲ್ಲಿ ಚಿತ್ರ, ಬಳಸಿದ ಸಾಮಗ್ರಿ, ಅಳತೆಗಳು, ಎಲ್ಲಿ ತಪ್ಪಿತು ಮತ್ತು ಅದನ್ನು ಹೇಗೆ ಸರಿಪಡಿಸಲಾಯಿತೆಂಬ ವಿವರ, ಕೊನೆಗೆ ಸಾಮಗ್ರಿ ಹಾಗೂ ಕೂಲಿಯ ಅಂದಾಜು ಇರಬೇಕು. ‘ಎಲ್ಲಿ ತಪ್ಪಿತು’ ಎಂಬ ಭಾಗವನ್ನು ಖಾಲಿ ಬಿಟ್ಟವರಿಗೆ ಪೂರ್ಣ ಅಂಕ ಕೊಡಬೇಡಿ, ಪ್ರಾಮಾಣಿಕವಾಗಿ ಬರೆದವರ ಅಂಕವನ್ನು ಆ ಕಾರಣಕ್ಕೆ ಕಡಿತಗೊಳಿಸಬೇಡಿ. ಎರಡು ವರ್ಷದ ಇಂಥ ಪುಟಗಳನ್ನು ಫೋಟೊಗಳೊಂದಿಗೆ ಒಂದು ಫೈಲಿನಲ್ಲಿ ಇಟ್ಟರೆ, ಅಪ್ರೆಂಟಿಸ್ ಆಯ್ಕೆಯ ದಿನ ಅಂಕಪಟ್ಟಿಗಿಂತ ಹೆಚ್ಚಾಗಿ ಅದೇ ಮಾತನಾಡುತ್ತದೆ.

ಗ್ರಾಹಕರೊಂದಿಗೆ ಮಾತನಾಡುವುದನ್ನೂ ಅಭ್ಯಾಸ ಮಾಡಿಸಬೇಕು. ಮಳೆಗಾಲದಲ್ಲಿ ಮನೆಗಳ ಹೊರಗಿನ ಸ್ವಿಚ್ ಬಾಕ್ಸಿಗೆ ತೇವ ಸೇರಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಪ್ಲೈ ಕಡಿಯುವ ರಕ್ಷಣಾ ಸ್ವಿಚ್) ಮತ್ತೆ ಮತ್ತೆ ಟ್ರಿಪ್ ಆಗುವುದು ಇಲ್ಲಿ ಸಾಮಾನ್ಯ ದೂರು. ಆರ್‌ಸಿಸಿಬಿಯನ್ನೇ ತೆಗೆದುಹಾಕಿ ಎಂದು ಮನೆಯವರು ಒತ್ತಾಯಿಸುವುದೂ ಉಂಟು. ಒಬ್ಬ ವಿದ್ಯಾರ್ಥಿನಿ ಮನೆಯ ಯಜಮಾನಿಯಾಗಲಿ, ಇನ್ನೊಬ್ಬ ಎಲೆಕ್ಟ್ರಿಷಿಯನ್ ಆಗಿ ಉತ್ತರಿಸಲಿ: ‘ಅಕ್ಕ, ಅದು ಹಾಳಾದದ್ದಲ್ಲ, ಹೊರಗಿನ ಬಾಕ್ಸಲ್ಲಿ ನೀರಿನ ಪಸೆ ಉಂಟು. ಆರ್‌ಸಿಸಿಬಿ ತೆಗೆದರೆ ಮನೆಯವರ ಜೀವಕ್ಕೆ ಅಪಾಯ. ಬಾಕ್ಸ್ ಬದಲಿಸುವ, ಖರ್ಚು ಎಷ್ಟಾಗ್ತದೆ ಅಂತ ನಾನು ಬರೆದು ಕೊಡ್ತೇನೆ.’ ಇಷ್ಟನ್ನು ವಿನಯದಿಂದ, ತಾಂತ್ರಿಕ ತಪ್ಪಿಲ್ಲದೆ, ಒತ್ತಾಯಕ್ಕೆ ಮಣಿಯದೆ ಹೇಳಬಲ್ಲವರು ಸ್ವಂತ ಉದ್ಯೋಗಕ್ಕೆ ಅರ್ಧ ಸಿದ್ಧರಾದರೆಂದೇ ತಿಳಿಯಬಹುದು.

ಕಾರ್ಖಾನೆಯ ಶಿಸ್ತನ್ನು ವರ್ಕ್‌ಶಾಪಿಗೆ ತರುವುದು

ಪಣಂಬೂರು, ಬೈಕಂಪಾಡಿ ಭಾಗದ ದೊಡ್ಡ ಸ್ಥಾವರಗಳಲ್ಲಿ ಅಪಾಯವಿರುವ ಕೆಲಸವನ್ನು ವರ್ಕ್ ಪರ್ಮಿಟ್ (ಕೆಲಸಕ್ಕೆ ಲಿಖಿತ ಅನುಮತಿ) ಇಲ್ಲದೆ ಆರಂಭಿಸುವಂತಿಲ್ಲ. ನಮ್ಮ ವರ್ಕ್‌ಶಾಪಿನಲ್ಲೂ ಪ್ಯಾನೆಲ್ ತೆರೆಯುವ ಮೊದಲು ವಿದ್ಯಾರ್ಥಿ ಅರ್ಧ ಪುಟದ ಪರ್ಮಿಟ್ ತುಂಬಿ, ಸಪ್ಲೈ ಬಂದ್ ಮಾಡಿ, ಬೀಗ ಹಾಕಿ, ತನ್ನ ಹೆಸರಿನ ಚೀಟಿ ತೂಗುಹಾಕಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಬೋಧಕರ ಸಹಿ ಪಡೆಯಲಿ. ಆರಂಭದಲ್ಲಿ ಇದರಿಂದ ಸಮಯ ಹೋಗುತ್ತದೆ, ಹೋಗಲಿ. ಜೀವ ಉಳಿಸುವ ಅಭ್ಯಾಸ ಪೋಸ್ಟರ್ ನೋಡಿ ಬರುವುದಿಲ್ಲ.

ವೆಲ್ಡರ್ ತರಗತಿಯಲ್ಲಿ ನಮ್ಮ ಹವೆಯೇ ಪಾಠವಾಗಬಲ್ಲದು. ಇ7018ರಂಥ ಲೋ ಹೈಡ್ರೋಜನ್ ಎಲೆಕ್ಟ್ರೋಡುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಆ ತೇವದಿಂದ ಬರುವ ಹೈಡ್ರೋಜನ್ ವೆಲ್ಡಿನಲ್ಲಿ ಬಿರುಕಿಗೆ ಕಾರಣವಾಗುತ್ತದೆ. ಜೂನ್, ಜುಲೈ ತಿಂಗಳಿನಲ್ಲಿ ಪ್ಯಾಕೆಟ್ ತೆರೆದಿಟ್ಟ ಎಲೆಕ್ಟ್ರೋಡಿನಿಂದ ಒಂದು ತುಂಡನ್ನೂ, ತಯಾರಕರು ಸೂಚಿಸಿದ ಉಷ್ಣತೆಯಲ್ಲಿ ಓವನ್ನಿನಲ್ಲಿ ಒಣಗಿಸಿದ ಎಲೆಕ್ಟ್ರೋಡಿನಿಂದ ಇನ್ನೊಂದನ್ನೂ ವೆಲ್ಡ್ ಮಾಡಿಸಿ, ಎರಡನ್ನೂ ಮುರಿದು ಹೋಲಿಸಲಿ; ತೆರೆದಿಟ್ಟದ್ದರಲ್ಲಿ ಗಾಳಿಗುಳ್ಳೆಗಳ ರಂಧ್ರಗಳು ಕಂಡುಬಂದರೆ ಕಾರಣವನ್ನು ಅವರೇ ಬರೆಯಲಿ. ಬಿರುಕು ಕೆಲವೊಮ್ಮೆ ಗಂಟೆಗಳ ಬಳಿಕ ಹುಟ್ಟುತ್ತದೆ, ಕಣ್ಣಿಗೆ ಕಾಣದೆಯೂ ಇರುತ್ತದೆಂಬುದನ್ನು ಆಗಲೇ ತಿಳಿಸಬೇಕು. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಂತಹ ಹಡಗು ಕಟ್ಟುವ ಜಾಗದಲ್ಲಿ ವೆಲ್ಡಿಂಗನ್ನು ಹೇಗೆ ಮಾಡಬೇಕೆಂದು ವಿಧಿಸುವ ವೆಲ್ಡಿಂಗ್ ಪ್ರೊಸೀಜರ್ ಎಂಬ ದಾಖಲೆಗೆ ಏಕೆ ಅಷ್ಟು ಬೆಲೆಯೆಂದು ಆಗ ಅರ್ಥವಾಗುತ್ತದೆ.

ಕೈಗಾರಿಕಾ ಭೇಟಿಗಳ ಬಗ್ಗೆ ಒಂದು ಮಾತು. ಐವತ್ತು ಮಂದಿಯನ್ನು ಬಸ್ಸಿನಲ್ಲಿ ಕರೆದೊಯ್ದು ಗೇಟಿನಿಂದ ಗೇಟಿಗೆ ನಡೆಸಿ ಫೋಟೊ ತೆಗೆಸಿಕೊಂಡು ಬರುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಚಿಕ್ಕ ತಂಡ, ಮುಂಚೆಯೇ ಬರೆದುಕೊಂಡ ಪ್ರಶ್ನೆಗಳು, ಮರುದಿನ ತರಗತಿಯಲ್ಲಿ ವರದಿ ಇರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳು ದಡದಲ್ಲಿರುತ್ತವೆ, ಎಂಜಿನ್ ಬಿಚ್ಚುವ, ದುರಸ್ತಿ ಮಾಡುವ ಕೆಲಸ ನಡೆಯುತ್ತದೆ. ಡೀಸೆಲ್ ಮೆಕ್ಯಾನಿಕ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಪರೀಕ್ಷೆಯ ಸಿದ್ಧತೆಗೆ ಅಡ್ಡಿಯಾಗದಂತೆ ಎರಡು-ಮೂರು ದಿನಗಳನ್ನಾದರೂ ಹೊಂದಿಸಿಕೊಳ್ಳಬೇಕು.

ದಾರಿಗಳನ್ನು ತೋರಿಸುವುದು

ಮಾರ್ಗದರ್ಶನವೆಂದರೆ ಕೊನೆಯ ವಾರ ನಡೆಸುವ ಭಾಷಣವಲ್ಲ. ಮೊದಲ ವರ್ಷದಲ್ಲೇ ತಂದೆತಾಯಿಯರನ್ನು ಕರೆದು ಡಿಪ್ಲೊಮಾ, ಅಪ್ರೆಂಟಿಸ್, ನೌಕರಿ, ಐಟಿಐ ಬೋಧಕರಾಗಲು ಬೇಕಾದ ಸಿಐಟಿಎಸ್ (ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೈನಿಂಗ್ ಸ್ಕೀಮ್) ತರಬೇತಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ವಿವರಿಸಬೇಕು. ಹೆಣ್ಣುಮಕ್ಕಳ ತಾಯಂದಿರ ಜೊತೆ ಪ್ರತ್ಯೇಕವಾಗಿ ಮಾತನಾಡುವುದು ಒಳ್ಳೆಯದು. ಕಾರ್ಖಾನೆಯ ಶಿಫ್ಟ್, ಬಸ್ಸಿನ ವೇಳೆ, ಹಾಸ್ಟೆಲ್ ಇವುಗಳ ಬಗ್ಗೆ ಅವರಿಗಿರುವ ಆತಂಕ ನ್ಯಾಯವಾದದ್ದು, ಅದಕ್ಕೆ ಮಾಹಿತಿಯಿಂದಲೇ ಉತ್ತರ ಕೊಡಬೇಕು.

ವಿದೇಶಕ್ಕೆ ಹೋಗಲು ಬಯಸುವವರಿಗೆ ಟ್ರೇಡ್ ಟೆಸ್ಟಿನ ಅಭ್ಯಾಸದಷ್ಟೇ ಎಚ್ಚರಿಕೆಯ ಪಾಠವೂ ಅಗತ್ಯ. 1983ರ ವಲಸೆ ಕಾಯ್ದೆಯಡಿ ಏಜೆಂಟರ ಪೈಕಿ ನೋಂದಾಯಿತರು ಮಾತ್ರ ಕಾರ್ಮಿಕರನ್ನು ನೇಮಿಸಿ ಕಳುಹಿಸಬಹುದು, ಮತ್ತು ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿಯನ್ನು ಪರಿಶೀಲಿಸುವುದು ಹೇಗೆಂದು ತರಗತಿಯ ಕಂಪ್ಯೂಟರಿನಲ್ಲೇ ತೋರಿಸಿ, ಪ್ರತಿಯೊಬ್ಬರಿಂದಲೂ ಒಮ್ಮೆ ಮಾಡಿಸಿ. ಕರಾರುಪತ್ರದ ಮಾದರಿಯೊಂದನ್ನು ಓದಿಸಿ, ಸಂಬಳ, ಕೆಲಸದ ಅವಧಿ, ವಸತಿ, ಮರಳಿ ಬರುವ ಟಿಕೆಟ್ ಇವುಗಳ ಷರತ್ತು ಎಲ್ಲಿದೆ ಎಂದು ಅವರೇ ಗುರುತಿಸಲಿ.

ಹೊರಹೋದ ವಿದ್ಯಾರ್ಥಿಗಳ ಸಂಪರ್ಕವನ್ನು ಉಳಿಸಿಕೊಳ್ಳುವ ಕೆಲಸ ಬೋಧಕರದ್ದೇ. ಪ್ರತಿ ಬ್ಯಾಚಿಗೊಂದು ಪುಸ್ತಕವಿಟ್ಟು ಯಾರು ಎಲ್ಲಿ ಸೇರಿದರು, ಒಂದು ವರ್ಷದ ಬಳಿಕವೂ ಅಲ್ಲೇ ಇದ್ದಾರೆಯೇ, ಬಿಟ್ಟಿದ್ದರೆ ಏಕೆ ಬಿಟ್ಟರೆಂದು ಕೇಳಿ ಬರೆದಿಡಬೇಕು. ಡಿಪ್ಲೊಮಾವನ್ನು ನಡುವೆ ತೊರೆದವರಿಂದ ಯಾವ ವಿಷಯ ಕಷ್ಟವಾಯಿತೆಂದೂ, ಕೆಲಸ ತೊರೆದವರಿಂದ ಯಾವ ಕೌಶಲ ಸಾಲದಾಯಿತೆಂದೂ ತಿಳಿದುಕೊಂಡು, ಮುಂದಿನ ಆಗಸ್ಟಿನಲ್ಲಿ ಹೊಸ ಬ್ಯಾಚ್ ಬರುವ ಮೊದಲು ಜಾಬುಗಳ ಪಟ್ಟಿಯಲ್ಲಿ ಅದಕ್ಕೆ ತಕ್ಕ ಬದಲಾವಣೆ ಮಾಡಿಕೊಳ್ಳಬೇಕು.