ಬ್ಲೂಟೂತ್ ಟ್ಯಾಗ್ ಎಷ್ಟು ದೂರ ಮುಟ್ಟುತ್ತದೆ: ಸೌಂಡ್ ಸಾಮಾನಿಗೆ ಕಟ್ಟಿ ನೋಡಿದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಮ್ಮದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸ. ಮದುವೆ, ಜಾತ್ರೆ, ನಾಟಕ, ಪ್ರವಚನ, ಯಾವುದಿದ್ದರೂ ಹೋಗುತ್ತೇವೆ. ಸೀಸನ್ ಬಂದರೆ ಒಂದೇ ದಿನ ಸಾಮಾನು ಮೂರು ಕಡೆ ಹಂಚಿಹೋಗಿರುತ್ತದೆ. ಒಂದು ಗಾಡಿ ಕುಂದಗೋಳಕ್ಕೆ, ಇನ್ನೊಂದು ಕಲಘಟಗಿಗೆ, ಮತ್ತೊಂದು ಇಲ್ಲೇ ಗೋಕುಲ ರೋಡಿನ ಕಲ್ಯಾಣ ಮಂಟಪಕ್ಕೆ. ರಾತ್ರಿ ನಿದ್ದೆಗಣ್ಣಿನಲ್ಲಿ ತುಂಬುವಾಗ ಒಂದು ಮೈಕ್ ಸೂಟ್‌ಕೇಸ್ ಬೇರೆ ಗಾಡಿ ಹತ್ತುತ್ತದೆ, ಇಲ್ಲವೇ ಕೇಬಲ್ ಟ್ರಂಕ್ ಅಲ್ಲೇ ಉಳಿಯುತ್ತದೆ. ಮರುದಿನ ಬೆಳಗ್ಗೆ ಫೋನ್ ಮೇಲೆ ಫೋನ್. ಅದಕ್ಕೇ ಸಾಮಾನಿಗೆ ಬ್ಲೂಟೂತ್ ಟ್ಯಾಗ್, ಅಂದರೆ ವಸ್ತು ಎಲ್ಲಿದೆ ಎಂದು ಫೋನಿನ ಮ್ಯಾಪ್‌ನಲ್ಲಿ ನೋಡಲು ನೆರವಾಗುವ ಪುಟ್ಟ ಸಾಧನ, ಕಟ್ಟಲು ಶುರುಮಾಡಿದೆ. ಮೊದಲು ಆಪಲ್ ಏರ್‌ಟ್ಯಾಗ್, ಆಮೇಲೆ ಆಂಡ್ರಾಯ್ಡ್‌ಗೆ ಹೊಂದುವ ಟ್ಯಾಗ್‌ಗಳು.

ಟ್ಯಾಗ್ ಒಳಗೆ ಜಿಪಿಎಸ್ ಇಲ್ಲ, ಸಿಮ್ ಕೂಡ ಇಲ್ಲ. ನನ್ನ ಹತ್ತಿರ ಕೇಳಲು ಬರುವವರಲ್ಲಿ ಬಹಳ ಜನಕ್ಕೆ ಇದೇ ಗೊತ್ತಿರುವುದಿಲ್ಲ. ಅದು ಆಗಾಗ "ನಾನು ಇಲ್ಲಿದ್ದೇನೆ" ಎಂದು ಒಂದು ಸಣ್ಣ ಬ್ಲೂಟೂತ್ ಸಿಗ್ನಲ್ ಬಿಡುತ್ತದೆ, ಅಷ್ಟೇ. ಪಕ್ಕದಲ್ಲಿ ಯಾರದ್ದೋ ಫೋನ್ ಹಾದುಹೋದರೆ ಅದು ಕೇಳಿಸಿಕೊಂಡು, ತಾನಿರುವ ಲೊಕೇಶನ್ ಅನ್ನು ಸರ್ವರ್‌ಗೆ ಕಳಿಸುತ್ತದೆ. ಆ ಫೋನಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಮಾಹಿತಿಗೆ ಬೀಗ ಬಿದ್ದಿರುತ್ತದೆ, ಟ್ಯಾಗಿನ ಮಾಲೀಕರ ಫೋನ್ ಮಾತ್ರ ತೆರೆಯಬಲ್ಲದು. ಅಂದರೆ ಮ್ಯಾಪ್‌ನಲ್ಲಿ ನಮಗೆ ಕಾಣುವುದು ಟ್ಯಾಗ್ ಇರುವ ಜಾಗ ಅಲ್ಲ, ಅದನ್ನು ಕೇಳಿಸಿಕೊಂಡ ಫೋನ್ ಇದ್ದ ಜಾಗ. ಹಾಗಾಗಿ "ರೇಂಜ್ ಎಷ್ಟು?" ಎಂಬ ಪ್ರಶ್ನೆಗೆ ಎರಡು ಉತ್ತರ ಇವೆ. ನನ್ನ ಫೋನಿಗೂ ಟ್ಯಾಗಿಗೂ ನಡುವಿನ ನೇರ ದೂರ ಒಂದು. ದಾರಿಹೋಕರ ಫೋನುಗಳ ಮೂಲಕ ಸಿಗುವ ಸುದ್ದಿ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ನೇರ ದೂರವನ್ನು ನೆಹರು ಮೈದಾನದಲ್ಲಿ ಬೆಳಗಿನ ಹೊತ್ತು ನೋಡಿದೆ. ಕಂಪನಿಗಳು ಹೇಳುವ ಅಂಕಿ ದೊಡ್ಡದೇ ಇರುತ್ತದೆ. ಸ್ಯಾಮ್‌ಸಂಗ್ ಸ್ಮಾರ್ಟ್‌ಟ್ಯಾಗ್ 2ಕ್ಕೆ 120 ಮೀಟರ್ ಅನ್ನುತ್ತಾರೆ, ಆದರೆ ನಡುವೆ ಏನೂ ಅಡ್ಡ ಇರಬಾರದು. ನಾನು ಟ್ಯಾಗನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ನಡೆಯುತ್ತಾ ಹೋದೆ. ಐವತ್ತು ಅರವತ್ತು ಮೀಟರ್‌ವರೆಗೂ ಫೋನಿನಿಂದ ಸದ್ದು ಮಾಡಿಸಲು ಆಯಿತು. ಅದೇ ಟ್ಯಾಗನ್ನು ನೆಲದ ಮೇಲಿಟ್ಟರೆ ಅರ್ಧಕ್ಕೂ ಕಡಿಮೆ. ಇನ್ನೊಂದು ವಿಷಯ ಗಮನಕ್ಕೆ ಬಂತು. ಟ್ಯಾಗಿಗೆ ಬೆನ್ನು ಮಾಡಿ, ಫೋನನ್ನು ಎದೆಯ ಹತ್ತಿರ ಹಿಡಿದರೆ ಕನೆಕ್ಷನ್ ಕಟ್. ತಿರುಗಿ ನಿಂತರೆ ಮತ್ತೆ ಬಂತು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ನಮ್ಮ ಮೈಯಲ್ಲಿರುವ ನೀರು ಆ ಸಿಗ್ನಲ್ ಅನ್ನು ಹೀರಿಕೊಳ್ಳುತ್ತದೆ. ನಾವೇ ಗೋಡೆ ಆಗಿಬಿಡುತ್ತೇವೆ. ಸಾಮಾನು ಹುಡುಕುವಾಗ ಫೋನ್ ಕೈಯಲ್ಲಿ ಮುಂದೆ ಹಿಡಿದು, ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಈ ಒಂದು ಅಭ್ಯಾಸದಿಂದ ನನಗೆ ಬಹಳ ಉಪಯೋಗ ಆಗಿದೆ.

ಕಾಂಕ್ರೀಟ್ ಮಂಟಪದ ಒಳಗೆ ಹತ್ತು ಹದಿನೈದು ಮೀಟರ್ ಸಿಕ್ಕರೆ ಸಾಕು. ನವಲಗುಂದದ ಕಡೆಯ ಹಳೆ ಮಾಳಿಗೆ ಮನೆಗಳಲ್ಲಿ ಮಣ್ಣಿನ ಗೋಡೆ ಎಷ್ಟು ದಪ್ಪ ಅಂದರೆ ಪಕ್ಕದ ಕೋಣೆಯಲ್ಲಿಟ್ಟ ಟ್ಯಾಗ್ ಕೂಡ ಸಿಗುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಬ್ಬಿಣ. ನಮ್ಮ ಕೇಬಲ್ ಎಲ್ಲಾ ತಗಡಿನ ಟ್ರಂಕಿನಲ್ಲಿ. ಟ್ಯಾಗನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಎರಡು ಮೂರು ಹೆಜ್ಜೆ ಆಚೆ ಏನೂ ಇಲ್ಲ. ಮುಚ್ಚಳದ ಸಂದಿಯಿಂದ ಸೋರುವಷ್ಟೇ ಸಿಗ್ನಲ್. ಹೊರಗೆ ತಗಡಿಗೆ ನೇರ ಅಂಟಿಸಿದರೂ ಆಂಟೆನಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಟ್ಯಾಗಿಗೂ ಲೋಹಕ್ಕೂ ನಡುವೆ ಒಂದಿಷ್ಟು ಜಾಗ ಬೇಕು. ನಾನು ಮಾಡಿದ್ದು ಹೀಗೆ: ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು ಅಂಗೈ ಅಗಲ ಕತ್ತರಿಸಿದೆ. ನಡುವೆ ಟ್ಯಾಗ್ ಕೂರುವಷ್ಟು ಗುಂಡಗೆ ಕೊರೆದೆ, ಆದರೆ ಪೂರ್ತಿ ಆರಪಾರ ಅಲ್ಲ, ತಳದಲ್ಲಿ ರಬ್ಬರ್ ಉಳಿಯುವ ಹಾಗೆ. ಅದನ್ನು ಟ್ರಂಕಿನ ಪಕ್ಕದ ಹಿಡಿಕೆಯ ಕೆಳಗೆ ಅಂಟಿಸಿ, ಮೇಲೆ ರೆಕ್ಸಿನ್ ತುಂಡು ಹಾಕಿ ಅಂಚಿಗೆ ರಿವೆಟ್ ಹೊಡೆದೆ. ಹಿಡಿಕೆಯ ಕೆಳಗೆ ಇರುವುದರಿಂದ ಟ್ರಂಕುಗಳನ್ನು ಒತ್ತಿ ಜೋಡಿಸಿದರೂ ಪೆಟ್ಟು ಬೀಳುವುದಿಲ್ಲ. ಮಂಟಪದಲ್ಲಿ ಈಗ ಒಂದು ಕೋಣೆ ಆಚೆಗೂ ಸಿಗುತ್ತದೆ. ಮಿಕ್ಸರ್ ಇಡುವ ಪ್ಲೈವುಡ್ ಪೆಟ್ಟಿಗೆ, ಪ್ಲಾಸ್ಟಿಕ್ ಮೈಕ್ ಸೂಟ್‌ಕೇಸ್‌ಗಳಿಗೆ ಈ ತಾಪತ್ರಯ ಇಲ್ಲ. ಒಳಗಿನ ಫೋಮ್‌ನಲ್ಲೇ ಟ್ಯಾಗ್ ಸಿಕ್ಕಿಸಿದ್ದೇನೆ.

ಇನ್ನು ದಾರಿಹೋಕರ ಫೋನುಗಳ ಮಾತು. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದದ್ದು. ಅಲ್ಲಿ ಸೂಟ್‌ಕೇಸ್ ಇಟ್ಟು ಎರಡು ಮೂರು ಬೋಗಿ ದೂರ ಹೋದರೆ ನನ್ನ ಫೋನಿಗೆ ಅದು ಸಿಗುವುದಿಲ್ಲ. ಆದರೂ ಮ್ಯಾಪ್‌ನಲ್ಲಿ ಹೊಸ ಲೊಕೇಶನ್ ಬರುತ್ತಲೇ ಇರುತ್ತದೆ, ಸುತ್ತಲೂ ಅಷ್ಟು ಫೋನ್ ಇರುತ್ತವೆ. ದುರ್ಗದಬೈಲಿನಲ್ಲೂ ಹೀಗೆಯೇ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಜನಜಂಗುಳಿಯಲ್ಲಿ ನೇರ ರೇಂಜ್ ಕುಗ್ಗಿಹೋಗುತ್ತದೆ, ಹತ್ತು ಹೆಜ್ಜೆ ಆಚೆಯ ಟ್ಯಾಗಿಗೂ ಸದ್ದು ಮಾಡಿಸಲು ಆಗುವುದಿಲ್ಲ. ಮಾಡಿಸಿದರೂ ಆ ಗದ್ದಲದಲ್ಲಿ ಕೇಳುವುದಿಲ್ಲ. ಆದರೆ ಅದೇ ಜನರ ಫೋನುಗಳಿಂದ ಮ್ಯಾಪ್ ತಾಜಾ ಇರುತ್ತದೆ. ಒಂದೇ ತೊಂದರೆ, ಅಷ್ಟು ಜನ ಸೇರಿದ ಕಡೆ ಮೊಬೈಲ್ ನೆಟ್ ನಿಧಾನ ಆಗುತ್ತದೆ, ಸುದ್ದಿಯೂ ತಡವಾಗಿ ಬರುತ್ತದೆ.

ಹಳ್ಳಿಗೆ ಹೋದರೆ ಲೆಕ್ಕವೇ ಬೇರೆ. ನವಲಗುಂದ ದಾರಿಯ ಒಂದು ಊರಿನಲ್ಲಿ ಮದುವೆ ಮುಗಿಸಿ ಬಂದಾಗ ಕೇಬಲ್ ಟ್ರಂಕ್ ಅಲ್ಲೇ ಉಳಿದಿತ್ತು. "ಅಣ್ಣಾರ, ಟ್ರಂಕ್ ಅಲ್ಲೇ ಐತೇನ್ರಿ, ಇಲ್ಲಾ ಯಾರರ ಒಯ್ದಾರೋ?" ಎಂದು ಹುಡುಗ ಗಾಬರಿಯಾಗಿ ಕೇಳಿದ. ಮ್ಯಾಪ್‌ನಲ್ಲಿ ಕೊನೆಯ ಸುದ್ದಿ ನಾವು ಅಲ್ಲಿಂದ ಹೊರಟ ಹೊತ್ತಿನದು. ಆಮೇಲೆ ರಾತ್ರಿ ಪೂರ್ತಿ ಏನೂ ಇಲ್ಲ. ಬೆಳಗ್ಗೆ ಆರೂವರೆಯ ಸುಮಾರಿಗೆ ಒಂದು ಸಲ ಬಂತು. ಮತ್ತೆ ಎಂಟರ ಹತ್ತಿರ ಒಂದು, ಒಂಬತ್ತೂವರೆಗೆ ಇನ್ನೊಂದು. ನಡುವೆ ಖಾಲಿ. ಅದೂ ಚುಕ್ಕೆ ಕಾಣುತ್ತಿದ್ದದ್ದು ಸಮುದಾಯ ಭವನದ ಮೇಲಲ್ಲ, ಸ್ವಲ್ಪ ಆಚೆ ರಸ್ತೆಯ ಮೇಲೆ. ಭವನ ನೋಡಿಕೊಳ್ಳುವ ಹಿರಿಯರಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. "ಆ ಹೊತ್ತಿಗೆ ನವಲಗುಂದದ ಬಸ್ ಬರತಾವ್ರಿ, ಇಲ್ಲೇ ಮುಂದ ನಿಲ್ಲತಾವು" ಅಂದರು. ಬಸ್ಸಿನಲ್ಲಿ ಕೂತವರ ಫೋನುಗಳು ಕಟ್ಟೆಯ ಮೇಲಿದ್ದ ಟ್ರಂಕಿನ ಸಿಗ್ನಲ್ ಹಿಡಿದು ಹೋಗುತ್ತಿದ್ದವು. ಟ್ರಂಕಿನ ಮೇಲೆ ಯಾರೋ ಜಮಖಾನೆ ಮಡಚಿ ಇಟ್ಟಿದ್ದರಂತೆ. ಅಂದಿನಿಂದ ಹಳ್ಳಿಯ ಮ್ಯಾಪ್ ನೋಡುವಾಗ ಚುಕ್ಕೆಗಿಂತ ಮೊದಲು ಪಕ್ಕದಲ್ಲಿರುವ ಟೈಮ್ ನೋಡುತ್ತೇನೆ. ಚುಕ್ಕೆ ಕದಲಿಲ್ಲ ಅಂದರೆ ಸಾಮಾನು ಕದಲಿಲ್ಲ ಅಂತಲ್ಲ. ಅದರ ಹತ್ತಿರ ಹೊಸ ಫೋನ್ ಬಂದಿಲ್ಲ, ಅಷ್ಟೇ ಅರ್ಥ.

ನಮ್ಮ ಕಡೆಯ ಹಳ್ಳಿಗಳಲ್ಲಿ ಐಫೋನ್ ಕಡಿಮೆ. ಏರ್‌ಟ್ಯಾಗ್ 2021ರಲ್ಲಿ ಬಂತು, ಒಳ್ಳೆಯ ವಸ್ತು. ಹತ್ತಿರ ಬಂದಮೇಲೆ ಐಫೋನ್ 11 ಮತ್ತು ಆಮೇಲಿನ ಬಹುತೇಕ ಮಾಡೆಲ್‌ಗಳಲ್ಲಿ ಬಾಣದ ಗುರುತು ತೋರಿಸಿ ಕರೆದುಕೊಂಡು ಹೋಗುತ್ತದೆ. ಆದರೆ ಅದನ್ನು ಕೇಳಿಸಿಕೊಳ್ಳಲು ಐಫೋನಿನಂಥ ಆಪಲ್ ಸಾಧನವೇ ಬೇಕು. ಹುಬ್ಬಳ್ಳಿ ವಿದ್ಯಾನಗರದಲ್ಲಿ ಅದು ಚುರುಕು, ಕುಂದಗೋಳದ ಆಚೆ ಮಂಕು. ಸ್ಯಾಮ್‌ಸಂಗ್ ಟ್ಯಾಗ್ ಅವರದೇ ಗ್ಯಾಲಕ್ಸಿ ಫೋನಿಗೆ ಮಾತ್ರ. ಆಂಡ್ರಾಯ್ಡ್ ಫೋನ್ ಊರ ತುಂಬಾ ಇವೆ, ಹಾಗಾಗಿ ಗೂಗಲ್ ನೆಟ್‌ವರ್ಕಿನ ಟ್ಯಾಗ್ ಹಳ್ಳಿಯಲ್ಲಿ ಗೆಲ್ಲಬೇಕು ಅಂತ ಅನಿಸುತ್ತದೆ, ಅಲ್ವಾ? ಆ ನೆಟ್‌ವರ್ಕ್ 2024ರಲ್ಲಿ ಶುರುವಾಗಿ, ಈಗ ಫೈಂಡ್ ಹಬ್ ಎಂಬ ಹೆಸರಿನಲ್ಲಿದೆ. ಅದರಲ್ಲಿ ಒಂದು ಸೆಟ್ಟಿಂಗ್ ಇದೆ. ಫೋನುಗಳು ಮೊದಲಿನಿಂದಲೇ "ಜನ ಜಾಸ್ತಿ ಇರುವ ಕಡೆ ಮಾತ್ರ" ಎಂಬ ಆಯ್ಕೆಯಲ್ಲಿ ಇರುತ್ತವೆ. ಅಂದರೆ ಹಲವು ಫೋನುಗಳು ಒಂದೇ ಟ್ಯಾಗನ್ನು ಕೇಳಿಸಿಕೊಂಡರೆ ಮಾತ್ರ ಲೊಕೇಶನ್ ತೋರಿಸುತ್ತದೆ. ತುಂಬಿದ ಬಸ್ ಬಂದರೆ ಸಿಗುತ್ತದೆ, ಒಬ್ಬನೇ ಬೈಕ್ ಮೇಲೆ ಹೋದರೆ ಸಿಗುವುದಿಲ್ಲ. ಗೂಗಲ್ ಖಾತೆಯಲ್ಲಿ ಮನೆ ವಿಳಾಸ ಇಟ್ಟುಕೊಂಡವರ ಫೋನ್ ಮನೆ ಹತ್ತಿರ ಇದ್ದಾಗ ಸುದ್ದಿ ಕಳಿಸುವುದೂ ಇಲ್ಲ. ಜನರ ಗುಟ್ಟು ಕಾಯಲು ಮಾಡಿದ ವ್ಯವಸ್ಥೆ ಇದು, ಸರಿಯಾದದ್ದೇ.

ಹಾಗಾಗಿ ನಮ್ಮ ಹುಡುಗರ ಫೋನುಗಳನ್ನು ಕೇಳಿ ಇಸಿದುಕೊಂಡು, ಅವರ ಒಪ್ಪಿಗೆ ಪಡೆದು, ಆ ಸೆಟ್ಟಿಂಗನ್ನು "ಎಲ್ಲಾ ಕಡೆ" ಎಂದು ಬದಲಿಸಿದೆ. ಹೀಗಿದ್ದರೆ ಒಂದೇ ಫೋನ್ ಕೇಳಿಸಿಕೊಂಡರೂ ಸಾಕು. ಸಾಮಾನಿನ ಜೊತೆ ಇರುವವರು ಅವರೇ ತಾನೆ? ಒಬ್ಬ ಹುಡುಗ, "ಅಣ್ಣಾರ, ನಾ ಬ್ಲೂಟೂತ್ ಬಂದ್ ಇಡತೇನ್ರಿ, ಚಾರ್ಜ್ ಭಾಳ ತಿಂತೈತಿ" ಅಂದ. ಈಗಿನ ಬ್ಲೂಟೂತ್ ಅಷ್ಟು ಚಾರ್ಜ್ ತಿನ್ನುವುದಿಲ್ಲ ಎಂದು ಬ್ಯಾಟರಿ ಲೆಕ್ಕವನ್ನು ಅವನ ಫೋನಿನಲ್ಲೇ ತೆಗೆದು ತೋರಿಸಿದೆ. ಟ್ಯಾಗ್ ಎಲ್ಲೆಲ್ಲಿ ಕಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಇದು ಸಾಮಾನು ನೋಡಲು, ಅವರನ್ನು ಕಾಯಲು ಅಲ್ಲ. ಕೆಲಸದವರಿಗೆ ಗೊತ್ತಿಲ್ಲದ ಹಾಗೆ ಟ್ಯಾಗ್ ಇಡುವುದನ್ನು ನಾನು ಒಪ್ಪುವುದಿಲ್ಲ.

ಇಡಲು ಹೋದರೂ ಗೊತ್ತಾಗುತ್ತದೆ. ಬೇರೆಯವರ ಟ್ಯಾಗ್ ನಮ್ಮ ಜೊತೆ ಸಾಗುತ್ತಿದ್ದರೆ ಐಫೋನ್, ಆಂಡ್ರಾಯ್ಡ್ ಎರಡೂ ಎಚ್ಚರಿಸುತ್ತವೆ. 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಸೇರಿಯೇ ಈ ವ್ಯವಸ್ಥೆ ತಂದವು. ಮಾಲೀಕರಿಂದ ಬಹಳ ಹೊತ್ತು ದೂರ ಇದ್ದ ಏರ್‌ಟ್ಯಾಗ್ ಕದಲಿಸಿದಾಗ ತಾನೇ ಸದ್ದು ಮಾಡುತ್ತದೆ. ಎರಡು ಮೂರು ದಿನದ ಪ್ರವಚನಕ್ಕೆ ಸಾಮಾನು ಕಳಿಸಿದಾಗ ಇದು ಕಿರಿಕಿರಿ. ಐಫೋನಿನ ಸಾಫ್ಟ್‌ವೇರ್ ಐಓಎಸ್ 17 ಬಂದಮೇಲೆ ಒಂದು ಏರ್‌ಟ್ಯಾಗನ್ನು ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು. ಆ ಗಾಡಿಯ ಜೊತೆ ಹೋಗುವ ಐಫೋನಿನವನಿಗೆ ಹಂಚಿಬಿಟ್ಟರೆ ತೊಂದರೆ ಇಲ್ಲ. ಆದರೆ ಇದೇ ಎಚ್ಚರಿಕೆಯಿಂದ ಕಳ್ಳನಿಗೂ ಗೊತ್ತಾಗುತ್ತದೆ, ಅವನು ಟ್ಯಾಗ್ ಕಿತ್ತು ಬಿಸಾಡುತ್ತಾನೆ. ಕಳವಿಗೆ ಇದನ್ನು ನೆಚ್ಚಬೇಡಿ. ಮ್ಯಾಪ್ ಹಿಡಿದುಕೊಂಡು ಒಬ್ಬರೇ ಯಾರ ಮನೆ ಬಾಗಿಲಿಗೂ ಹೋಗಬೇಡಿ, ಪೊಲೀಸರಿಗೆ ತಿಳಿಸಿ. ಗಾಡಿಗೆ ಮತ್ತು ಜನರೇಟರ್‌ಗೆ ನಾನು ಸಿಮ್ ಇರುವ ಜಿಪಿಎಸ್ ಹಾಕಿಸಿದ್ದೇನೆ. ಅದಕ್ಕೆ ರೀಚಾರ್ಜ್ ಖರ್ಚು ಇದೆ, ಆದರೆ ಅದು ಬೇರೆಯವರ ಫೋನ್ ಕಾಯುವುದಿಲ್ಲ.

ಸೆಲ್ ಬಗ್ಗೆ ಎರಡು ಮಾತು. ಏರ್‌ಟ್ಯಾಗಿಗೆ ಸಿಆರ್2032 ಎಂಬ ಗುಂಡನೆಯ ಸೆಲ್, ಸುಮಾರು ಒಂದು ವರ್ಷ ಬರುತ್ತದೆ. ಮಕ್ಕಳು ನುಂಗಬಾರದೆಂದು ಕೆಲವು ಸೆಲ್‌ಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ. ಆ ಲೇಪದಿಂದಾಗಿ ಟ್ಯಾಗ್ ಚಾಲೂ ಆಗದೇ ಇರಬಹುದು. ಹೊಸ ಸೆಲ್ ಹಾಕಿದ ಕೂಡಲೇ ಸದ್ದು ಬಂತೇ ಎಂದು ನೋಡಿಯೇ ಮುಚ್ಚಿ. ತೆಗೆದ ಸೆಲ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ನನ್ನ ಟ್ಯಾಗ್ ನೋಡಿ ಗದಗಿನ ಶಾಮಿಯಾನದವರೊಬ್ಬರು, "ನಮ್ಮ ಎತ್ತಿಗೆ ಕಟ್ಟಬಹುದೇನ್ರಿ?" ಎಂದು ಕೇಳಿದರು. ಎರೆ ಹೊಲದಲ್ಲಿ ಮೈಲುಗಟ್ಟಲೆ ಫೋನ್ ಇರುವುದಿಲ್ಲ, ಪ್ರಯೋಜನ ಇಲ್ಲ ಅಂದೆ. ಆಮೇಲೆ ಅವರು ತಂದೆಯ ವಿಷಯ ತೆಗೆದರು. ಮರೆವು ಬಂದಿದೆ, ಸಂಜೆ ಮನೆ ಬಿಟ್ಟು ಎದ್ದು ಹೋಗುತ್ತಾರಂತೆ. ಅವರಿಗೆ ನಾನು ಸ್ಪಷ್ಟವಾಗಿ ಹೇಳಿದ್ದು ಇಷ್ಟು: ಬ್ಲೂಟೂತ್ ಟ್ಯಾಗ್ ವಸ್ತುಗಳಿಗೆ ಮಾಡಿದ್ದು, ಮನುಷ್ಯರಿಗಲ್ಲ. ಊರ ಹೊರಗೆ ಹೋದರೆ ಗಂಟೆಗಟ್ಟಲೆ ಸುದ್ದಿ ಬರದೇ ಇರಬಹುದು, ಅಷ್ಟು ಹೊತ್ತು ಕಾಯುವ ವಿಷಯ ಅಲ್ಲ ಇದು. ಸಿಮ್ ಮತ್ತು ಜಿಪಿಎಸ್ ಎರಡೂ ಇರುವ ವಾಚು ಕೊಡಿಸಿ, ದಿನಾ ರಾತ್ರಿ ಚಾರ್ಜಿಗೆ ಹಾಕಿ. ಅಂಗಿಯ ಜೇಬಿನ ಒಳಗೆ ಮನೆಯವರ ಫೋನ್ ನಂಬರ್ ಬಟ್ಟೆಯ ಮೇಲೆ ಬರೆದು ಹೊಲಿಸಿ.