ಹಿಟ್ಟಿಲ್ಲದೆ ಮಂದವಾದ ಸಾಸೇಜ್–ಆಲೂಗಡ್ಡೆ ಸೂಪ್: ನನ್ನ ಅನುಭವ

ಈ ಸೂಪಿಗೆ ಮೈದಾ ಬೇಡ, ಪಾತ್ರೆ ತುಂಬ ಕ್ರೀಮ್ ಸುರಿಯುವುದೂ ಬೇಡ ಎಂದಾಗ ನನ್ನ ಮಾತನ್ನು ಯಾರೂ ಒಪ್ಪಲಿಲ್ಲ. ಹೋಟೆಲ್ ಅಡುಗೆಮನೆಯಲ್ಲಿ ಬಹಳ ಕಾಲ ದುಡಿದ ಗೆಳೆಯನೊಬ್ಬ, ಬೆಣ್ಣೆಯಲ್ಲಿ ಮೈದಾ ಹುರಿಯದಿದ್ದರೆ ಕ್ರೀಮ್ ಸೂಪ್ ನಿಲ್ಲುವುದೇ ಇಲ್ಲ, ಬಡಿಸುವಷ್ಟರಲ್ಲಿ ನೀರು ಒಂದು ಕಡೆ, ಜಿಡ್ಡು ಒಂದು ಕಡೆ ಆಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿದ್ದ. ಈಗ ಅವನೇ ಎರಡನೆಯ ಬಟ್ಟಲು ಕೇಳಿ ಹಾಕಿಸಿಕೊಳ್ಳುತ್ತಾನೆ. ವಿಧಾನ ಪಳಗಿದೆ ಎಂಬ ನಂಬಿಕೆ ನನಗೆ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ. ಮೈದಾ ಹುರಿದು ಸ್ಟಾಕ್ (ಮಾಂಸ, ಮೂಳೆ ಕುದಿಸಿ ಸೋಸಿದ ನೀರು) ಸುರಿದರೆ ಸೂಪ್ ಮಂದವಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಟ್ಟು ನಾಲಿಗೆಯ ಮೇಲೆ ಪದರ ಹಾಸಿ ಸೋಂಪಿನ ಪರಿಮಳವನ್ನೂ ಮೆಣಸಿನಕಾಯಿಯ ಚುರುಕನ್ನೂ ಮಂಕಾಗಿಸುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಕಾರ್ನ್‌ಫ್ಲೋರ್‌ನದು ಇನ್ನೊಂದು ತೊಂದರೆ: ಹಾಕಿದ ಕೂಡಲೇ ಹೊಳಪು ಬಂದು ಮಂದವಾಗುತ್ತದೆ, ಕೈಯಾಡಿಸುತ್ತ ಇನ್ನೂ ಅರ್ಧ ಗಂಟೆ ಕುದಿಸಿದರೆ ಮತ್ತೆ ತೆಳ್ಳಗಾಗುತ್ತದೆ. ಕ್ರೀಮ್ ಬದಲು ಹಾಲು ಹಾಕಿದಾಗಲೆಲ್ಲ ಸೂಪ್ ಒಡೆಯಿತು. ಸೂಪಿಗೆ ಹಾಕುವ ಬಿಳಿ ವೈನ್‌ನ ಹುಳಿಯೂ ಕುದಿಯುವ ಬಿಸಿಯೂ ಸೇರಿದಲ್ಲಿ ಹಾಲಿನ ಪ್ರೋಟೀನ್ ಗಂಟು ಕಟ್ಟದೆ ಬಿಡುವುದಿಲ್ಲ. ಕ್ರೀಮ್ ಚೀಸ್ ಸಣ್ಣ ಸಣ್ಣ ಗಂಟುಗಳಾಗಿ ತೇಲಿತು, ಹುಳಿಯೂ ಮುಂದಾಯಿತು. ಇನ್ನು ಕ್ರೀಮನ್ನೇ ಎರಡು ಪಟ್ಟು ಸುರಿದರೆ ಸೂಪ್ ಶ್ರೀಮಂತವಾಗುವ ಬದಲು ಜಿಡ್ಡಾಗುತ್ತದೆ, ಸಾಸೇಜ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹೀಗೆ ಚೆಲ್ಲಿದ ಮಾಂಸದ ಬೆಲೆಗೆ ಒಳ್ಳೆಯ ದಪ್ಪ ತಳದ ಪಾತ್ರೆಯೊಂದು ಬರುತ್ತಿತ್ತು.

ಕೈಯಲ್ಲಿ ಹಿಡಿಯುವ ಬ್ಲೆಂಡರ್‌ಗೆ ಕೊಟ್ಟ ಹಣವೂ ಈ ಸೂಪಿನ ಮಟ್ಟಿಗೆ ದಂಡ. ಬೆಂದ ಆಲೂಗಡ್ಡೆಯನ್ನು ಅದರಲ್ಲಿ ತಿರುವಿದರೆ ಪಿಷ್ಟವೆಲ್ಲ ಹೊರಬಂದು ಲೋಳೆಯಾಗುತ್ತದೆ. ಚಮಚ ಎತ್ತಿದರೆ ಎಳೆ ಎಳೆಯಾಗಿ ಜಗ್ಗುವ ಸೂಪನ್ನು ಮಕ್ಕಳೂ ಮುಟ್ಟಲಿಲ್ಲ.

ದಾರಿ ತೋರಿಸಿದ್ದು ಇಟಲಿಯೇ. ನಾವು ಮಾಡುವ ಈ ಕ್ರೀಮ್ ಸೂಪ್ ಅಮೆರಿಕದ ಇಟಾಲಿಯನ್ ಹೋಟೆಲುಗಳಲ್ಲಿ ಜುಪ್ಪಾ ತೊಸ್ಕಾನಾ ಎಂಬ ಹೆಸರಿನಲ್ಲಿ ಬೆಳೆದದ್ದು. ಆಲಿವ್ ಗಾರ್ಡನ್ ಹೋಟೆಲ್ ಸರಣಿಯಿಂದ ಅದು ಪ್ರಸಿದ್ಧವಾಯಿತು. ಆದರೆ ಇಟಲಿಯ ತೊಸ್ಕಾನಾ (ಟಸ್ಕನಿ) ಪ್ರಾಂತ್ಯದ ರಿಬೊಲ್ಲಿತಾದಂತಹ ಹಳ್ಳಿಯ ಸೂಪಿನಲ್ಲಿ ಕ್ರೀಮ್ ಇಲ್ಲವೇ ಇಲ್ಲ. ಅಲ್ಲಿ ಬಿಳಿ ಬೀನ್ಸ್‌ನ ಒಂದು ಪಾಲನ್ನು ಅರೆದು ಪಾತ್ರೆಗೇ ಹಾಕುತ್ತಾರೆ, ಹಿಂದಿನ ದಿನದ ಒಣ ಬ್ರೆಡ್ ಅದರಲ್ಲಿ ನೆನೆಯುತ್ತದೆ, ಅಷ್ಟರಿಂದಲೇ ಸೂಪ್ ಮಂದವಾಗುತ್ತದೆ. ಬೀನ್ಸ್ ಮಾಡುವ ಕೆಲಸವನ್ನು ಆಲೂಗಡ್ಡೆ ಏಕೆ ಮಾಡಬಾರದು? ಮಂದತನದ ಹೊಣೆ ಪೂರ್ತಿ ಆಲೂಗಡ್ಡೆಯದು, ಕ್ರೀಮ್ ರುಚಿಗೆ ಮಾತ್ರ. ಇದಿಷ್ಟು ನಿಶ್ಚಯವಾದ ಮೇಲೆ ಉಳಿದದ್ದು ಹದ ಹುಡುಕುವ ಕೆಲಸ.

ಒಂದೇ ಜಾತಿಯ ಆಲೂಗಡ್ಡೆಯಿಂದ ಇದು ಆಗುವುದಿಲ್ಲ. ಬೆಂದರೆ ಹಿಟ್ಟಾಗುವ ಜಾತಿಯನ್ನಷ್ಟೇ ಹಾಕಿದರೆ ಹೋಳು ಸಿಗುವುದಿಲ್ಲ, ಬಿಗಿ ಜಾತಿಯನ್ನಷ್ಟೇ ಹಾಕಿದರೆ ಸೂಪ್ ನೀರು. ಅರ್ಧ ಕಿಲೋ ಸಾಸೇಜ್‌ಗೆ ನಾನು ಹಿಟ್ಟಾಗುವ ಜಾತಿಯನ್ನು ಸುಮಾರು 300 ಗ್ರಾಂ, ಬಿಗಿಯಾದದ್ದನ್ನು 400 ಗ್ರಾಂ, ಸ್ಟಾಕನ್ನು ಒಂದೂವರೆ ಲೀಟರ್ ಲೆಕ್ಕದಲ್ಲಿ ಹಿಡಿಯುತ್ತೇನೆ. ಆರು ಜನ ಹೊಟ್ಟೆ ತುಂಬ ಕುಡಿಯಬಹುದು. ಹಿಟ್ಟಾಗುವ ಜಾತಿಯನ್ನು ಹೆಚ್ಚಿದ ಮೇಲೆ ತೊಳೆಯುವುದಿಲ್ಲ. ತೊಳೆದರೆ ಬೇಕಾದ ಪಿಷ್ಟವೇ ನೀರಿನ ಪಾಲಾಗುತ್ತದೆ. ಅದನ್ನು ಒಂದು ಲೀಟರ್ ಸ್ಟಾಕ್‌ನಲ್ಲಿ ಪೂರ್ತಿ ಕಳಿಯುವ ತನಕ ಬೇಯಿಸಿ, ಜರಡಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ ಮತ್ತೆ ಅದೇ ಸ್ಟಾಕ್‌ಗೆ ಇಳಿಸುತ್ತೇನೆ. ಕೈಗೆ ಕೆಲಸವಾಯಿತು ನಿಜ, ಆದರೆ ಲೋಳೆ ಇಲ್ಲ, ಗಂಟು ಇಲ್ಲ. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿಕೊಳ್ಳುವ ರೇಷ್ಮೆಯಂಥ ಸಾರು ಆಗಲೇ ಸಿದ್ಧವಾಗಿರುತ್ತದೆ, ಒಂದು ಹನಿ ಕ್ರೀಮ್ ಬೀಳುವ ಮೊದಲೇ.

ಬಿಗಿ ಜಾತಿಯ ಬಿಲ್ಲೆಗಳಿಗೆ ಮಾಡುವ ಉಪಚಾರವನ್ನೇ ಜನ ಹೆಚ್ಚು ಅನುಮಾನಿಸಿದ್ದು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಉಳಿದ ಅರ್ಧ ಲೀಟರ್ ಸ್ಟಾಕ್‌ನಲ್ಲಿ ಹಾಕಿ, 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಪ್ಪತ್ತೈದು ಮೂವತ್ತು ನಿಮಿಷ ಇಡುತ್ತೇನೆ. ಆ ಬಿಸಿಯಲ್ಲಿ ಆಲೂಗಡ್ಡೆಯೊಳಗಿನ ಒಂದು ಕಿಣ್ವ ಎಚ್ಚೆತ್ತು ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನನ್ನು ಗಟ್ಟಿಗೊಳಿಸುತ್ತದೆ. ಬಿಸಿ 70 ದಾಟಿದರೆ ಆ ಕಿಣ್ವ ಸಾಯುತ್ತದೆ, ಹಾಗಾಗಿ ಥರ್ಮಾಮೀಟರ್ ಬೇಕೇ ಬೇಕು. ಹೀಗೆ ಪಳಗಿದ ಬಿಲ್ಲೆಯನ್ನು ಆಮೇಲೆ ಕುದಿಸಿದರೂ ಅಂಚು ಬೇಗ ಕರಗುವುದಿಲ್ಲ, ಒಳಗೆ ಮಾತ್ರ ಮೆತ್ತಗಾಗುತ್ತದೆ. ಮಾರನೆಯ ದಿನ ಬಿಸಿ ಮಾಡಿದರೂ ಹೋಳು ಹೋಳಾಗಿಯೇ ಇರುತ್ತದೆ. ನಾನು ಕಂಡ ಯಾವ ಹೋಟೆಲಿನ ಸೂಪಿನಲ್ಲೂ ಆಲೂಗಡ್ಡೆ ಇಷ್ಟು ಅಚ್ಚುಕಟ್ಟಾಗಿ ಉಳಿದಿರಲಿಲ್ಲ. ನೆನಸಿದ ಸ್ಟಾಕ್ ಚೆಲ್ಲುವಂತಿಲ್ಲ, ಅದೂ ಪಾತ್ರೆಗೇ.

ಸಾಸೇಜ್ ವಿಷಯಕ್ಕೆ ಬಂದರೆ, ದುಡ್ಡು ಉಳಿಯುವುದು ಇಲ್ಲಿಯೇ. ಸಿದ್ಧವಾಗಿ ಸಿಗುವ ಇಟಾಲಿಯನ್ ಸಾಸೇಜ್ ಕೊಂಡು, ಅದರ ಹೊರಪೊರೆ ಸೀಳಿ, ಒಳಗಿನದನ್ನು ಪುಡಿ ಮಾಡುವುದಕ್ಕೆ ಪೊರೆಯ ಬೆಲೆಯನ್ನೂ ತುಂಬುವ ಕೂಲಿಯನ್ನೂ ಏಕೆ ಕೊಡಬೇಕು? ಹಂದಿಯ ಭುಜದ ಭಾಗದ ಖೀಮಾ ತಂದು ಮಸಾಲೆ ಬೆರೆಸಿಕೊಂಡರೆ ಹೆಚ್ಚುಕಡಿಮೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. ಕೊಬ್ಬು ಕಾಲು ಭಾಗವಾದರೂ ಇರಲಿ, ತೀರಾ ತೆಳು ಮಾಂಸ ಸೂಪಿನಲ್ಲಿ ಮರಳಿನ ಹರಳಾಗುತ್ತದೆ. ಕಿಲೋಗೆ ಹತ್ತು ಗ್ರಾಂ ಹತ್ತಿರ ಸೋಂಪು, ಅರ್ಧ ಇಡಿಯಾಗಿ, ಅರ್ಧ ಹುರಿದು ಕುಟ್ಟಿ. ನಾಲ್ಕೈದು ಎಸಳು ಬೆಳ್ಳುಳ್ಳಿ. ಒಣಮೆಣಸಿನಕಾಯಿ ಚೂರು ನಿಮ್ಮ ನಾಲಿಗೆ ತಾಳುವಷ್ಟು. ಕಾಳುಮೆಣಸು, ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿಯಾದ ಪ್ಯಾಪ್ರಿಕಾ. ಇನ್ನೊಂದು ಮಸಾಲೆಯನ್ನು ಚಿಟಿಕೆಯಷ್ಟು ಹಾಕುತ್ತೇನೆ, ಬಂದವರೆಲ್ಲ ಏನದು ಎಂದು ಕೇಳುತ್ತಾರೆ. ಅದರ ಹೆಸರು ನನ್ನ ಬಳಿಯೇ ಇರಲಿ.

ಉಪ್ಪಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ, ಏಕೆಂದರೆ ಬಹಳ ಜನ ಇಲ್ಲಿಯೇ ಎಡವುವುದನ್ನು ನೋಡಿದ್ದೇನೆ. ಪೊರೆಯಲ್ಲಿ ತುಂಬುವ ಸಾಸೇಜ್‌ಗೆ ಉಪ್ಪು ಹಾಕಿ ನಾದಬೇಕು. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಿಸುತ್ತದೆ, ಕೊಯ್ದರೆ ಬಿಲ್ಲೆ ಬಿಗಿಯಾಗಿ ಬರುತ್ತದೆ. ಸೂಪಿಗೆ ಆ ಬಿಗಿ ಬೇಡವೇ ಬೇಡ. ರಾತ್ರಿಯಿಡೀ ಉಪ್ಪಿನಲ್ಲಿ ಕೂತ ಖೀಮಾ ಕುದಿದಾಗ ರಬ್ಬರ್ ಉಂಡೆಯಾಗುತ್ತದೆ. ಆದ್ದರಿಂದ ಮಸಾಲೆಯನ್ನು ಹಿಂದಿನ ರಾತ್ರಿಯೇ ಬೆರಳ ತುದಿಯಿಂದ ಹಗುರಾಗಿ ಬೆರೆಸಿಡುತ್ತೇನೆ, ಉಪ್ಪನ್ನು ಬಾಣಲೆಗೆ ಹಾಕುವ ಹೊತ್ತಿಗೆ ಮಾತ್ರ ಉದುರಿಸುತ್ತೇನೆ. ಅದೂ ಕಿಲೋಗೆ ಹನ್ನೆರಡು ಗ್ರಾಂ ಮೀರದಂತೆ. ಸ್ಟಾಕ್, ಬೇಕನ್ (ಉಪ್ಪು ಹಾಕಿ ಹದಗೊಳಿಸಿದ ಹಂದಿಮಾಂಸದ ಪಟ್ಟಿ), ಚೀಸ್ ಎಲ್ಲದರಲ್ಲೂ ಉಪ್ಪಿದೆ, ಕೊನೆಗೆ ರುಚಿ ನೋಡಿ ಸರಿಪಡಿಸುವ ಜಾಗ ಉಳಿಸಿಕೊಳ್ಳಬೇಕು.

ಹುರಿಯುವಾಗ ಆತುರ ಬೇಡ. ಅಗಲ ಬಾಣಲೆಯಲ್ಲಿ ಖೀಮಾವನ್ನು ದೊಡ್ಡ ರೊಟ್ಟಿಯ ಹಾಗೆ ತಟ್ಟಿ, ನಾಲ್ಕೈದು ನಿಮಿಷ ಮುಟ್ಟದೆ ಬಿಟ್ಟರೆ ತಳ ಗಾಢ ಕೆಂಪಾಗುತ್ತದೆ. ಆಗ ತಿರುವಿ ಚೂರು ಮಾಡಬೇಕು. ಮೊದಲಿನಿಂದಲೇ ಕೆದಕುತ್ತಿದ್ದರೆ ನೀರು ಬಿಟ್ಟು ಬೂದಿ ಬಣ್ಣಕ್ಕೆ ಬೇಯುತ್ತದೆ ಹೊರತು ಹುರಿಯುವುದಿಲ್ಲ. ಒಮ್ಮೆ ಒಂದು ಚಿಟಿಕೆ ಅಡುಗೆ ಸೋಡಾ ಬೆರೆಸಿ ನೋಡಿದೆ: ಬಣ್ಣ ಬೇಗ ಹಿಡಿಯಿತು, ಮಾಂಸವೂ ಮೆತ್ತಗಿತ್ತು. ಎರಡು ಚಿಟಿಕೆಗೆ ಏರಿಸಿದಾಗ ಸೋಪಿನ ವಾಸನೆ ಬಂತು. ಆ ಪ್ರಯೋಗ ಮುಂದುವರಿಸಿಲ್ಲ, ಸೋಡಾ ಇಲ್ಲದೆಯೂ ಕೆಂಪಾಗುತ್ತದೆ.

ಅರ್ಧ ಕಿಲೋದಿಂದ ಮೂರು ನಾಲ್ಕು ದೊಡ್ಡ ಚಮಚ ಜಿಡ್ಡು ಇಳಿಯುತ್ತದೆ. ಒಂದೂವರೆ ಚಮಚ ಬಾಣಲೆಯಲ್ಲಿ ಬಿಟ್ಟು ಉಳಿದದ್ದನ್ನು ಬಟ್ಟಲಿಗೆ ಬಗ್ಗಿಸಿಡುತ್ತೇನೆ. ಬಿಟ್ಟ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಅರ್ಧ ಲೋಟ ಬಿಳಿ ವೈನ್ ಸುರಿದು ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು, ವೈನ್ ಪೂರ್ತಿ ಇಂಗುವ ತನಕ ಕಾಯುತ್ತೇನೆ. ವೈನ್ ಅಳತೆ ಮೀರಿ ಹುಳಿ ಹೆಚ್ಚಾದರೆ ಎರಡು ಕಡೆ ಪೆಟ್ಟು: ಆಲೂಗಡ್ಡೆ ಬೇಗ ಬೇಯುವುದಿಲ್ಲ, ಕ್ರೀಮಿಗೂ ಅಪಾಯ. ಆಮೇಲೆ ಜರಡಿ ಹಿಡಿದ ಸಾರು, ಬಿಲ್ಲೆಗಳು, ಸಾಸೇಜ್ ಎಲ್ಲ ಒಂದೇ ಪಾತ್ರೆಗೆ. ಸಣ್ಣ ಕುದಿ ಸಾಕು. ಪಾರ್ಮೆಸಾನ್ ಚೀಸ್ ತುರಿದು ಉಳಿದ ಗಟ್ಟಿ ಸಿಪ್ಪೆಯನ್ನು ಎಸೆಯದೆ ಫ್ರೀಜರ್‌ನಲ್ಲಿ ಕೂಡಿಡುತ್ತೇನೆ; ಒಂದು ತುಂಡು ಈ ಹಂತದಲ್ಲಿ ಮುಳುಗಿಸಿ ಬಡಿಸುವ ಮೊದಲು ಎತ್ತಿಬಿಟ್ಟರೆ, ಬಿಡಿಗಾಸು ಖರ್ಚಿಲ್ಲದೆ ಸ್ಟಾಕ್‌ಗೆ ಆಳ ಬರುತ್ತದೆ.

ಕೇಲ್ ಎಂಬ ಎಲೆಕೋಸಿನ ಜಾತಿಯ ಸೊಪ್ಪಿನ ನಡುನಾರು ಕಿತ್ತು, ಎಲೆಯನ್ನು ಹರಿದು, ಕೊನೆಯ ಐದಾರು ನಿಮಿಷಕ್ಕೆ ಹಾಕಿದರೆ ಸಾಕು. ಮುಚ್ಚಳ ಮುಚ್ಚಬೇಡಿ, ಹಸಿರು ಕೆಡುತ್ತದೆ. ಕೇಲ್ ಇಲ್ಲದಿದ್ದರೆ ಪಾಲಕ್, ಅದು ಒಲೆ ಆರಿಸಿದ ಮೇಲೆ.

ಕ್ರೀಮ್ ಹಾಕುವ ಹೊತ್ತಿಗೆ ಒಲೆ ಆರಿರಬೇಕು. ಶೇಕಡಾ 35ರ ಆಸುಪಾಸು ಕೊಬ್ಬಿರುವ ಕ್ರೀಮ್ ಕುದಿದರೂ ತಾಳಿಕೊಳ್ಳುತ್ತದೆ, ಶೇಕಡಾ 20ರದ್ದಕ್ಕೆ ಆ ತಾಳಿಕೆ ಇಲ್ಲ. ಯಾವುದೇ ಆಗಲಿ, ನಾನು ಫ್ರಿಜ್‌ನಿಂದ ಮೊದಲೇ ತೆಗೆದಿಟ್ಟು, ಒಂದು ಸೌಟು ಬಿಸಿ ಸಾರನ್ನು ಅದಕ್ಕೆ ಬೆರೆಸಿ, ಆಮೇಲೆ ಪಾತ್ರೆಗೆ ಸುರಿಯುತ್ತೇನೆ. ಇಷ್ಟು ಸೂಪಿಗೆ 120 ಮಿಲಿಲೀಟರ್ ಸಾಕು. ಉಳಿದವರು ಇದರ ಎರಡು ಪಟ್ಟು ಸುರಿದೂ ಕೊನೆಗೆ ಮೈದಾ ಹುಡುಕುತ್ತಾರೆ. ಎತ್ತಿಟ್ಟ ಕೆಂಪು ಜಿಡ್ಡನ್ನು ಬಟ್ಟಲಿನ ಮೇಲೆ ಅರ್ಧ ಚಮಚ ಹನಿಸಿ, ಗರಿಗರಿಯಾಗಿ ಹುರಿದ ಬೇಕನ್ ಚೂರು ಉದುರಿಸಿದರೆ ಕಣ್ಣಿಗೂ ಹಬ್ಬ. ನಿಂಬೆರಸ ಬೇಕೆನಿಸಿದರೆ ಬಟ್ಟಲಿಗೆ ಎರಡು ಹನಿ, ಪಾತ್ರೆಗಲ್ಲ.

ಇದು ಹದಕ್ಕೆ ಬಂದ ಮೇಲೆ ಅಕ್ಕಪಕ್ಕದ ದಾರಿಗಳನ್ನೂ ನೋಡಿದೆ. ಕ್ರೀಮ್ ಪೂರ್ತಿ ಬಿಟ್ಟು, ಬೆಂದ ಬಿಳಿ ಬೀನ್ಸ್ ಒಂದು ಬಟ್ಟಲು ಅರೆದು ಹಾಕಿದಾಗ ಸೂಪ್ ಅದ್ಭುತವಾಗಿ ಬಂತು, ಇಟಲಿಯ ಮೂಲ ರುಚಿಗೂ ಹತ್ತಿರ. ಆದರೆ ಕ್ರೀಮ್ ಸೂಪ್ ಎಂದು ಕರೆದು ಬಡಿಸಿದರೆ ಕುಡಿಯುವವರು ಒಪ್ಪುವುದಿಲ್ಲ. ಕೋಳಿ ಖೀಮಾದಲ್ಲಿ ಮಾಡಿದ್ದು ಸಪ್ಪೆಯಾಯಿತು, ತೊಡೆಯ ಮಾಂಸವನ್ನು ಚರ್ಮಸಹಿತ ಅರೆಸಿದ ಮೇಲೆ ಸುಧಾರಿಸಿತು. ಸ್ಟಾಕನ್ನು ಕೋಳಿ ಕಾಲು, ರೆಕ್ಕೆಗಳಿಂದ ಮನೆಯಲ್ಲಿ ಮಾಡಿದಾಗ ಅದರ ಜಿಲೆಟಿನ್‌ನಿಂದ ಸೂಪಿಗೆ ಇನ್ನಷ್ಟು ಮೈ ಬರುತ್ತದೆ, ಡಬ್ಬದ ಸ್ಟಾಕ್‌ಗೆ ಕೊಡುವ ಹಣವೂ ಉಳಿಯುತ್ತದೆ. ಡಬ್ಬದ್ದೇ ಆದರೆ ಉಪ್ಪು ಕಡಿಮೆ ಇರುವುದನ್ನು ಆರಿಸಿ. ಎಲ್ಲ ಕೂಡಿಸಿ ನೋಡಿದರೆ ಹೋಟೆಲಿನ ಒಂದು ಬಟ್ಟಲಿನ ಬೆಲೆಗೆ ಮನೆಯಲ್ಲಿ ನಾಲ್ಕು ಬಟ್ಟಲು ಬಂದೇ ಬರುತ್ತದೆ, ಮಾಂಸವೂ ಹೋಟೆಲಿನದ್ದಕ್ಕಿಂತ ಹೆಚ್ಚು.

ಉಳಿದರೆ ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸುತ್ತೇನೆ, ಮೂರು ದಿನ ಚೆನ್ನಾಗಿರುತ್ತದೆ. ತಣಿದಾಗ ಪಿಷ್ಟ ಇನ್ನಷ್ಟು ಬಿಗಿಯುತ್ತದೆ, ಬಿಸಿ ಮಾಡುವಾಗ ಹಾಲಿನಿಂದಲ್ಲ, ಸ್ಟಾಕ್‌ನಿಂದಲೇ ಸಡಿಲಿಸಿ ಸಣ್ಣ ಉರಿಯಲ್ಲಿಡಬೇಕು. ಫ್ರೀಜರ್‌ಗೆ ಹಾಕುವ ಉದ್ದೇಶವಿದ್ದರೆ ಬಿಲ್ಲೆಗಳೂ ಕ್ರೀಮೂ ಬೀಳುವ ಮೊದಲೇ ಒಂದು ಪಾಲು ತೆಗೆದಿಡಿ. ಹೆಪ್ಪುಗಟ್ಟಿ ಕರಗಿದ ಬಿಲ್ಲೆ ಒಳಗೆ ರವೆರವೆಯಾಗುತ್ತದೆ, ಕ್ರೀಮ್ ಬೇರೆಯಾಗುತ್ತದೆ. ಸಾಸೇಜ್ ಇರುವ ಬರಿಯ ಸಾರು ಮಾತ್ರ ಎರಡು ತಿಂಗಳಾದರೂ ರುಚಿ ಬಿಟ್ಟುಕೊಡಲಿಲ್ಲ. ಜರಡಿ ಹಿಡಿದ ಆಲೂಗಡ್ಡೆಯಿಂದಾಗಿ ಕರಗಿದ ಮೇಲೆ ತುಸು ನೀರಾಡಿದಂತೆ ಕಂಡರೂ, ಒಂದು ಕುದಿ ಬಂದಾಗ ಕೈಯಾಡಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಆಗ ಹೊಸದಾಗಿ 60 ಡಿಗ್ರಿಯಲ್ಲಿ ಪಳಗಿಸಿದ ಬಿಲ್ಲೆ ಹಾಕಿ, ಬೆಂದ ಮೇಲೆ ಒಲೆ ಆರಿಸಿ ಕ್ರೀಮ್ ಸೇರಿಸಿದರಾಯಿತು.