ಲೆಂಗ್ತ್ ಕೇಳಿದರೆ ಯಾವಾಗಲೂ 1

ಲೆಕ್ಕದ ಫೈಲುಗಳನ್ನು ಓದುವ ಪ್ರೋಗ್ರಾಂ ಒಂದನ್ನು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಓದುವ ಫಂಕ್ಷನ್ ಮೊದಲು ದಾಖಲೆಗಳ ಲಿಸ್ಟ್ ಕೊಡುತ್ತಿತ್ತು. ಕೆಟ್ಟ ಸಾಲುಗಳ ಬಗ್ಗೆ ಎಚ್ಚರಿಕೆಯೂ ಬೇಕೆನಿಸಿ, ಎಚ್ಚರಿಕೆ ಮತ್ತು ದಾಖಲೆ ಎರಡೂ ಇರುವ ಟ್ಯೂಪಲ್ (ಜೋಡಿ) ಬರುವಂತೆ ಬದಲಿಸಿದೆ. ಟೈಪ್, ಅಂದರೆ ಮೌಲ್ಯದ ಬಗೆ, ಬದಲಾದರೆ ಎಲ್ಲೆಲ್ಲಿ ತಿದ್ದಬೇಕೆಂದು ಕೋಡನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತರುವ ಕಂಪೈಲರ್ ಹೇಳುತ್ತದೆ, ನಾನು ಈ ಭಾಷೆ ಹಿಡಿದಿದ್ದೇ ಆ ನಂಬಿಕೆಯಿಂದ. ಲಿಸ್ಟಿನ ಒಂದೊಂದನ್ನೂ ಬದಲಿಸುವ ಮ್ಯಾಪ್, ಬೇಕಾದ್ದನ್ನು ಆಯುವ ಫಿಲ್ಟರ್ ಇದ್ದ ಕಡೆಯೆಲ್ಲ ಅದು ತಡೆಯಿತು, ತಿದ್ದಿದೆ. ಆದರೆ ವರದಿಯಲ್ಲಿ ಪ್ರತಿ ಫೈಲಿಗೂ ‘ದಾಖಲೆಗಳು: 1’ ಎಂದೇ ಬರತೊಡಗಿತು.

ಕಾರಣ ಲೆಂಗ್ತ್, ಒಳಗೆ ಎಷ್ಟಿವೆ ಎಂದು ಎಣಿಸುವ ಫಂಕ್ಷನ್. 2015ರಲ್ಲಿ ಬಂದ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.10ರಿಂದ ಅದು ಲಿಸ್ಟಿಗಷ್ಟೇ ಸೀಮಿತವಲ್ಲ, ಫೋಲ್ಡಬಲ್ ಆದ, ಅಂದರೆ ಒಳಗಿನ ಮೌಲ್ಯಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬಹುದಾದ, ಯಾವುದಕ್ಕೂ ಒಗ್ಗುತ್ತದೆ. ಟ್ಯೂಪಲ್ ಕೂಡ ಫೋಲ್ಡಬಲ್. ಅದರಲ್ಲಿ ಲೆಕ್ಕಕ್ಕೆ ಬರುವುದು ಎರಡನೆಯ ಭಾಗ ಮಾತ್ರ, ಹಾಗಾಗಿ ಉದ್ದ ಯಾವಾಗಲೂ 1. (9, 2)ರ ಮ್ಯಾಕ್ಸಿಮಮ್ ಕೇಳಿದರೆ 2 ಅನ್ನುತ್ತದೆ!

ಫಂಕ್ಷನ್ ಲಿಸ್ಟಿಗಷ್ಟೇ ಇರಬೇಕೋ ಎಲ್ಲಕ್ಕೂ ಒಗ್ಗಬೇಕೋ ಎಂಬ ಈ ಜಗ್ಗಾಟ ಹಳೆಯದು. 1997ರ ಹ್ಯಾಸ್ಕೆಲ್ 1.4ರಲ್ಲಿ ಮ್ಯಾಪ್ ಒಳಗಿನ ಮೌಲ್ಯಗಳನ್ನು ಹೀಗೆ ಬದಲಿಸಬಹುದಾದ ಟೈಪುಗಳಿಗೆಲ್ಲ, ಅಂದರೆ ಎಲ್ಲ ಫಂಕ್ಟರ್‌ಗಳಿಗೂ ಇತ್ತು. ಹ್ಯಾಸ್ಕೆಲ್ 98 ಅದನ್ನು ಮತ್ತೆ ಲಿಸ್ಟಿಗೆ ಕಟ್ಟಿತು, ಎಲ್ಲಕ್ಕೂ ಒಗ್ಗುವುದಕ್ಕೆ ಎಫ್‌ಮ್ಯಾಪ್ ಎಂಬ ಹೆಸರು ಉಳಿಯಿತು. ನನ್ನನ್ನು ಅಂದು ಅಷ್ಟಾದರೂ ಕಾಪಾಡಿದ್ದು ಆ ನಿರ್ಧಾರ.

ಸೆಟ್ ವಿಷಯದಲ್ಲೂ ಹೀಗೇ ಆಯಿತು. ಹುಡುಕಾಟ ಬೇಗ ಆಗಲೆಂದು ಖಾತೆ ಸಂಖ್ಯೆಗಳ ಲಿಸ್ಟನ್ನು ಸೆಟ್ ಆಗಿ (ಕ್ರಮವಾಗಿ, ಮರದ ರೂಪದಲ್ಲಿ ಇಟ್ಟ ಗುಂಪು) ಬದಲಿಸಿದೆ. ಒಂದು ಮೌಲ್ಯ ಒಳಗಿದೆಯೇ ಎಂದು ಹೇಳುವ ಎಲೆಮ್ ಇದ್ದ ಸಾಲು ತಿದ್ದದೆಯೇ ಕಂಪೈಲ್ ಆಯಿತು, ವೇಗ ಮಾತ್ರ ಇದ್ದಲ್ಲೇ. ಫೋಲ್ಡಬಲ್‌ನ ಎಲೆಮ್‌ಗೆ ಎರಡು ಮೌಲ್ಯ ಸಮವೇ ಎಂದಷ್ಟೇ ಗೊತ್ತು, ಕ್ರಮ ಗೊತ್ತಿಲ್ಲ. ಆದ್ದರಿಂದ ಒಂದೊಂದನ್ನೇ ನೋಡುತ್ತಾ ಹೋಗುತ್ತದೆ. ಸೆಟ್‌ನದೇ ಆದ ಮೆಂಬರ್ ಮರದ ಒಂದೇ ದಾರಿಯಲ್ಲಿ ಇಳಿದು ಉತ್ತರ ತರುತ್ತದೆ.

ಸಾರ್ವತ್ರಿಕ ಫಂಕ್ಷನ್ ಬೇಡವೆನ್ನುವವನಲ್ಲ ನಾನು. ಲೈಬ್ರರಿ ಬರೆಯುವಾಗ ಅದೇ ಬೇಕು. ಮೇಬಿಯೊಳಗೆ (ಮೌಲ್ಯ ಇರಬಹುದು, ಇಲ್ಲದೆಯೂ ಇರಬಹುದು ಎನ್ನುವ ಟೈಪ್) ಮೌಲ್ಯ ಇದ್ದರೆ ಮಾತ್ರ ಒಂದು ಕೆಲಸ ಮಾಡಿಸಲು ಟ್ರಾವರ್ಸ್‌ನಂಥದ್ದು ಒಂದೇ ಸಾಲಿನಲ್ಲಿ ಸಾಕಾಗುತ್ತದೆ, ಅದು ನನಗೆ ಬಹಳ ಇಷ್ಟ. ಆದರೆ ದಿನಬಳಕೆಯ ಕೋಡಿನಲ್ಲಿ ಟೈಪುಗಳು ಬದಲಾಗುತ್ತಲೇ ಇರುತ್ತವೆ. ಅಲ್ಲಿ ನನಗೆ ಬೇಕಾದದ್ದು ತಡೆಯುವ ಫಂಕ್ಷನ್.

ಹಾಗಾಗಿ ಚಿಕ್ಕ ಮಾಡ್ಯೂಲ್ ಮಾಡಿದೆ: ಲೆಂಗ್ತ್, ನಲ್, ಸಮ್, ಮ್ಯಾಕ್ಸಿಮಮ್, ಎಲೆಮ್. ಐದಕ್ಕೂ ಲಿಸ್ಟಿನ ಟೈಪನ್ನೇ ಬರೆದು, ಹ್ಯಾಸ್ಕೆಲ್ ತಾನೇ ತರುವ ಮೂಲ ಲೈಬ್ರರಿ ಪ್ರೆಲ್ಯೂಡ್‌ನಲ್ಲಿರುವ ಅದೇ ಹೆಸರುಗಳನ್ನು ಮರೆಮಾಡಿದೆ. “ಎಲ್ಲಕ್ಕೂ ಆಗೋದನ್ನ ಯಾಕೆ ಕಟ್ಟಿ ಹಾಕ್ತೀರಿ?” ಅಂದರು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು. “ಒಂದ್ಸಲ ಕಂಪೈಲ್ ಮಾಡಿ ನೋಡೋಣ, ಬನ್ನಿ” ಅಂದೆ. ತಪ್ಪು ಎರಡು ಕಡೆ ಸಿಕ್ಕಿತು. ಒಂದು, ವರದಿಯ ಆ ಸಾಲು. ಇನ್ನೊಂದು, ಫೈಲ್ ಖಾಲಿಯೇ ಎಂದು ನಲ್‌ನಿಂದ ಕೇಳುವ ಜಾಗ. ಟ್ಯೂಪಲ್ ಎಂದೂ ಖಾಲಿಯಲ್ಲವಲ್ಲ, ಖಾಲಿ ಫೈಲುಗಳು ಅಷ್ಟು ದಿನವೂ ಸಲೀಸಾಗಿ ಒಳಗೆ ಹೋಗುತ್ತಿದ್ದವು.